ವಾರಕ್ಕೆ ಡಾಂಬರು, ರಜೆಗೆ ಗುಡ್ಡ: ಮಲೆನಾಡಿನ ಸವಾರರಿಗೆ ಮೌಂಟನ್ ಬೈಕ್ ಟೈರ್ ಆಯ್ಕೆ

ಶಿವಮೊಗ್ಗದಲ್ಲಿ ಮೌಂಟನ್ ಬೈಕ್ ಇಟ್ಟುಕೊಂಡವರಲ್ಲಿ ಅನೇಕರು ಅದರಿಂದ ಎರಡು ಬಗೆಯ ಕೆಲಸ ತೆಗೆಯುತ್ತಾರೆ. ವಾರದ ದಿನಗಳಲ್ಲಿ ವಿನೋಬನಗರದಿಂದಲೋ ಗೋಪಾಳದಿಂದಲೋ ಕಚೇರಿಗೆ, ಕಾಲೇಜಿಗೆ ಅಥವಾ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಡಾಂಬರಿನ ಮೇಲೆ ಹೋಗಿಬರುವುದು ಒಂದು. ರಜೆ ಸಿಕ್ಕಾಗ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಹೊಸನಗರಗಳ ಕಡೆಯ ಗಾಡಿದಾರಿಗಳಲ್ಲಿ, ಅಡಿಕೆ ತೋಟದ ಅಂಚಿನ ಮಣ್ಣುಹಾದಿಗಳಲ್ಲಿ, ಸೊಪ್ಪಿನ ಬೆಟ್ಟಗಳ ಏರಿಳಿತಗಳಲ್ಲಿ ಸುತ್ತಾಡುವುದು ಇನ್ನೊಂದು. ಇದಕ್ಕಾಗಿ ಎರಡು ಸೈಕಲ್ ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಟೈರುಗಳನ್ನು ವಿಚಾರ ಮಾಡಿ ಆರಿಸಿಕೊಂಡರೆ ಒಂದೇ ಸೈಕಲ್ ಎರಡೂ ಕಡೆ ಚೆನ್ನಾಗಿ ನಡೆಯುತ್ತದೆ.

ಎರಡೂ ಚಕ್ರಕ್ಕೆ ಒಂದೇ ಮಾದರಿಯ ಟೈರ್ ಇರಬೇಕೆಂದು ಬಹಳ ಜನ ಭಾವಿಸುತ್ತಾರೆ; ಅಂಗಡಿಯವರೂ ಜೋಡಿಯನ್ನೇ ಮುಂದಿಡುತ್ತಾರೆ. ಆದರೆ ಅಂಥ ನಿಯಮವೇನೂ ಇಲ್ಲ. ಮಲೆನಾಡಿನಂಥ ಪ್ರದೇಶದಲ್ಲಿ ಮುಂದಿನ ಟೈರನ್ನು ಮಣ್ಣಿಗಾಗಿಯೂ ಹಿಂದಿನ ಟೈರನ್ನು ಡಾಂಬರಿಗಾಗಿಯೂ ಆರಿಸಿ, ಉಳಿದ ಹೊಂದಾಣಿಕೆಯನ್ನು ಗಾಳಿಯ ಒತ್ತಡದಲ್ಲಿ ಮಾಡಿಕೊಳ್ಳುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸಿದ್ದೇನೆ.

ಮೊದಲು ಅಳತೆ

ಅಂಗಡಿಗೆ ಹೋಗುವ ಮೊದಲು ಈಗಿರುವ ಟೈರಿನ ಪಕ್ಕವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿ ಅಚ್ಚಾಗಿರುವ ಅಂಕಿಗಳನ್ನು ಬರೆದುಕೊಳ್ಳಬೇಕು. 26 × 1.95, 27.5 × 2.10, 29 × 2.20 ಎಂಬಂಥ ಇಂಚಿನ ಅಳತೆಯ ಜೊತೆಗೆ 54-584 ಎಂಬಂಥ ಇನ್ನೊಂದು ಜೋಡಿ ಅಂಕಿಯೂ ಅಲ್ಲಿರುತ್ತದೆ. ಈ ಜೋಡಿಯಲ್ಲಿ ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ನಂಬಬೇಕಾದದ್ದು ಈ ಎರಡನೆಯ ಅಂಕಿಯನ್ನು. ಮೌಂಟನ್ ಬೈಕಿನ 26 ಇಂಚಿಗೆ ಅದು 559, 27.5ಕ್ಕೆ 584, 29ಕ್ಕೆ 622.

ನಮ್ಮ ಊರುಗಳ ಅಂಗಡಿಗಳಲ್ಲಿ ಈ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹಳೆಯ ಮಾದರಿಯ ಸೈಕಲ್ಲುಗಳಿಗೆ ಹಾಕುವ 26 × 1 3/8 ಟೈರನ್ನೂ '26 ಇಂಚು' ಎಂದೇ ಕರೆಯುತ್ತಾರೆ. ಆದರೆ ಅದರ ವ್ಯಾಸ 590 ಮಿ.ಮೀ. ಆಗಿರುವುದರಿಂದ ಮೌಂಟನ್ ಬೈಕಿನ ರಿಮ್ಮಿನ ಮೇಲೆ ಅದು ನಿಲ್ಲುವುದೇ ಇಲ್ಲ. ಅಗಲವನ್ನು 1.95 ಎಂದು ದಶಮಾಂಶದಲ್ಲಿ ಬರೆದಿದ್ದರೆ ಒಂದು ಬಗೆ, 1 3/8 ಎಂದು ಭಿನ್ನರಾಶಿಯಲ್ಲಿ ಬರೆದಿದ್ದರೆ ಬೇರೆಯೇ ಬಗೆ ಎಂಬುದನ್ನು ನೆನಪಿನಲ್ಲಿಟ್ಟರೆ ಸಾಕು. 29 ಇಂಚಿನ ರಿಮ್ಮೂ ಹೈಬ್ರಿಡ್ ಸೈಕಲ್ಲುಗಳ 700ಸಿ ರಿಮ್ಮೂ ವ್ಯಾಸದಲ್ಲಿ ಒಂದೇ ಆದ್ದರಿಂದ, 29ರ ಸೈಕಲ್ ಇರುವವರಿಗೆ ಆಯ್ಕೆ ಇನ್ನಷ್ಟು ವಿಶಾಲವಾಗಿದೆ.

ಅಗಲದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಬರೀ ರಸ್ತೆಗಾದರೆ 1.5ರಿಂದ 1.75 ಇಂಚು, ಬರೀ ಗುಡ್ಡಕ್ಕಾದರೆ 2.25ರಿಂದ 2.4 ಇಂಚು ಹೊಂದುತ್ತದೆ. ಎರಡೂ ಬೇಕಾದವರು 2.0ರಿಂದ 2.2ರೊಳಗೆ ಇರಬೇಕು. ಮುಂದಿನದು 2.2, ಹಿಂದಿನದು 2.1 ಆದರೂ ಯಾವ ತೊಂದರೆಯೂ ಇಲ್ಲ. ಆದರೆ ಟೈರಿಗೂ ಫೋರ್ಕಿಗೂ, ಟೈರಿಗೂ ಹಿಂದಿನ ಫ್ರೇಮಿನ ಕೊಳವೆಗಳಿಗೂ ನಡುವೆ ಎರಡೂ ಬದಿ ಕನಿಷ್ಠ 6 ಮಿ.ಮೀ. ಜಾಗ ಉಳಿಯುವಂತೆ ನೋಡಿಕೊಳ್ಳಬೇಕು. ಮಡ್‌ಗಾರ್ಡ್ ಇದ್ದರೆ ಅದರ ಒಳಗೂ ಅಷ್ಟೇ ಜಾಗ ಬೇಕು. ಆರಿದ್ರಾ ಮಳೆ ಬಿದ್ದ ಮೇಲೆ ನಮ್ಮ ಕೆಮ್ಮಣ್ಣು ಆ ಸಂದಿನಲ್ಲಿ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸಬಲ್ಲದು.

ನೆಲವೂ ಟೈರಿನ ಉಬ್ಬುಗಳೂ

ಟೈರಿನ ಮೇಲ್ಮೈಯಲ್ಲಿ ಎದ್ದಿರುವ ರಬ್ಬರಿನ ಉಬ್ಬುಗಳು ಮಣ್ಣಿನಲ್ಲಿ ಕಚ್ಚಿ ಹಿಡಿಯುವುದಕ್ಕೆ ಇವೆ. ಡಾಂಬರು ಕಚ್ಚಲು ಬರುವ ವಸ್ತುವಲ್ಲ. ಗಟ್ಟಿ ನೆಲದ ಮೇಲೆ ಪ್ರತಿಯೊಂದು ಉಬ್ಬೂ ಚಕ್ರ ತಿರುಗಿದಂತೆಲ್ಲ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಆ ಬಾಗುವಿಕೆಯಲ್ಲಿ ಸವಾರನ ಶಕ್ತಿಯ ಒಂದು ಪಾಲು ಶಾಖವಾಗಿ ಹೋಗುತ್ತದೆ. ಒರಟು ಟೈರಿನ ಗುಂಯ್‌ಗುಡುವ ಸದ್ದಿಗೂ ಮೂಲ ಈ ಉಬ್ಬುಗಳೇ. ತಿರುವಿನಲ್ಲಿ ಸೈಕಲ್ಲನ್ನು ವಾಲಿಸಿದಾಗ ಎತ್ತರದ ಉಬ್ಬುಗಳು ಪಕ್ಕಕ್ಕೆ ಮಡಚಿಕೊಳ್ಳುವುದರಿಂದ ಹಿಡಿತವೂ ತಗ್ಗುತ್ತದೆ. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯನ್ನು ಅಂಥ ಟೈರಿನಲ್ಲಿ ಇಳಿಯುವಾಗ ಸೈಕಲ್ ತಿರುವಿನ ನಡುವೆ ತೇಲಿದಂತಾಗುವುದಕ್ಕೆ ಇದೇ ಕಾರಣ.

ಮಳೆಗಾಲದಲ್ಲಿ ರಸ್ತೆಗೂ ಒರಟು ಟೈರೇ ಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಾರಿನ ಅಗಲವಾದ ಟೈರ್ ವೇಗದಲ್ಲಿ ನೀರಿನ ಪದರದ ಮೇಲೆ ತೇಲಬಲ್ಲದು. ಅದಕ್ಕೆ ನೀರು ಹೊರಹೋಗುವ ಕಾಲುವೆಗಳು ಅಗತ್ಯ. ಸೈಕಲ್ಲಿನ ಟೈರ್ ಕಿರಿದಾಗಿದ್ದು, ನೆಲವನ್ನು ಮುಟ್ಟುವ ಭಾಗ ದುಂಡಗಿದ್ದು, ವೇಗವೂ ಕಡಿಮೆ ಇರುವುದರಿಂದ ಅದು ಹಾಗೆ ತೇಲುವುದಿಲ್ಲ. ಒದ್ದೆ ಡಾಂಬರಿನ ಮೇಲೆ ಹಿಡಿತ ಸಿಗುವುದು ಎಷ್ಟು ರಬ್ಬರು ನೆಲಕ್ಕೆ ತಾಗಿದೆ, ಆ ರಬ್ಬರು ಎಷ್ಟು ಮೃದುವಾಗಿದೆ ಎಂಬುದರಿಂದ. ಆದ್ದರಿಂದ ನಡುವೆ ಒತ್ತೊತ್ತಾದ ಸಣ್ಣ ಉಬ್ಬುಗಳಿರುವ, ಬಹುತೇಕ ಒಂದೇ ಪಟ್ಟಿಯಂತೆ ಕಾಣುವ ಟೈರ್ ಮಳೆಯಲ್ಲಿಯೂ ರಸ್ತೆಯ ಮೇಲೆ ಬಿಡಿಬಿಡಿ ಉಬ್ಬುಗಳ ಟೈರಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಮಣ್ಣಿಗೆ ಬಂದರೆ ಲೆಕ್ಕ ಬೇರೆಯಾಗುತ್ತದೆ, ಮತ್ತು ಮಲೆನಾಡಿನ ಮಣ್ಣು ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ದೀಪಾವಳಿ ಕಳೆದ ಮೇಲೆ ಯುಗಾದಿಯವರೆಗೆ ಜಂಬಿಟ್ಟಿಗೆಯ ಹಾದಿ ಕಲ್ಲಿನಂತೆ ಗಟ್ಟಿಯಾಗಿ, ಅದರ ಮೇಲೆ ಸಣ್ಣ ನೊರಜುಗಲ್ಲು ಹರಡಿಕೊಂಡಿರುತ್ತದೆ. ಇಂಥ ನೆಲದಲ್ಲಿ ತೀರಾ ಎತ್ತರದ ಉಬ್ಬುಗಳಿಂದ ಲಾಭವಿಲ್ಲ, ಏಕೆಂದರೆ ಅವು ಇಳಿದು ಕಚ್ಚಲು ಮೆತ್ತನೆಯ ಮಣ್ಣೇ ಇಲ್ಲ. ಮಧ್ಯಮ ಎತ್ತರದ, ಚೂಪಾದ ಅಂಚಿನ ಉಬ್ಬುಗಳು, ಅದರಲ್ಲೂ ಪಕ್ಕದಲ್ಲಿ ಗಟ್ಟಿಯಾದ ಒಂದು ಸಾಲು ಇದ್ದರೆ ತಿರುವಿನಲ್ಲಿ ಚಕ್ರ ಜಾರದೆ ನಿಲ್ಲುತ್ತದೆ. ಕಾನಿನ ಅಂಚಿನಲ್ಲಿ ದರಗು ದಪ್ಪವಾಗಿ ಬಿದ್ದಿರುವ ಕಡೆಯೂ ಈ ಪಕ್ಕದ ಸಾಲೇ ಕೆಲಸಕ್ಕೆ ಬರುವುದು. ಒಣ ಎಲೆಯ ಕೆಳಗೆ ಬೇರು ಇದೆಯೋ ಕಲ್ಲು ಇದೆಯೋ ಕಾಣದಿರುವಲ್ಲಿ ಟೈರ್ ಎಷ್ಟೇ ಒಳ್ಳೆಯದಿದ್ದರೂ ನಿಧಾನವಾಗಿ ಹೋಗುವುದೇ ಲೇಸು.

ಮುಂಗಾರು ಹಿಡಿದ ಮೇಲೆ ಅದೇ ಹಾದಿ ಜಿಗುಟು ಕೆಸರಾಗುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ, ಶಿವಮೊಗ್ಗ ನಗರಕ್ಕೆ ಅದಕ್ಕಿಂತ ಬಹಳ ಕಡಿಮೆ. ಹೀಗಾಗಿ ಪಟ್ಟಣದಲ್ಲಿ ಮಳೆ ಬಿಟ್ಟಿದೆ ಎಂದು ಹೊರಟವರಿಗೆ ತೀರ್ಥಹಳ್ಳಿ ದಾಟುವಷ್ಟರಲ್ಲಿ ಬೇರೆಯೇ ನೆಲ ಎದುರಾಗುತ್ತದೆ. ಕೆಸರಿನಲ್ಲಿ ಬೇಕಾದದ್ದು ಎತ್ತರವಾದ, ಒಂದರಿಂದೊಂದು ದೂರ ಇರುವ ಉಬ್ಬುಗಳು. ಅವುಗಳ ನಡುವಿನ ಅಂತರ ಹೆಚ್ಚಿದ್ದರೆ ಚಕ್ರ ತಿರುಗುವಾಗ ಮಣ್ಣು ಉದುರಿಹೋಗುತ್ತದೆ. ಅಂತರ ಕಡಿಮೆಯಿದ್ದರೆ ಮಣ್ಣು ತುಂಬಿಕೊಂಡು ಕೆಲವೇ ಸುತ್ತಿನಲ್ಲಿ ಟೈರ್ ಬೋಳಾದಂತೆ ವರ್ತಿಸುತ್ತದೆ.

ಕೆಲವು ಜಾಗಗಳಲ್ಲಿ ಯಾವ ಟೈರೂ ಕಾಪಾಡುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ತೋಟದ ಮನೆಗಳಿಗೆ ಹೋಗುವ ಸಿಮೆಂಟ್ ರಸ್ತೆಗಳ ಮೇಲೆ ಹಸಿರು ಪಾಚಿ ಕಟ್ಟಿರುತ್ತದೆ. ಹಳ್ಳಗಳಿಗೆ ಅಡ್ಡಲಾಗಿ ಅಡಿಕೆ ದಬ್ಬೆ ಅಥವಾ ಮರದ ದಿಮ್ಮಿ ಹಾಕಿದ ಕಾಲುಸಂಕಗಳು ನೆನೆದು ನುಣುಪಾಗಿರುತ್ತವೆ. ಇಂಥಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಹೋಗಬೇಕು.

ಮುಂದೆ ಒಂದು, ಹಿಂದೆ ಇನ್ನೊಂದು

ಈಗ ಮೊದಲು ಹೇಳಿದ ಮಾತಿಗೆ ಕಾರಣ. ಸೈಕಲ್ಲಿನ ಮೇಲೆ ಕುಳಿತಾಗ ಭಾರದ ಸುಮಾರು ಶೇ 60ರಷ್ಟು ಹಿಂದಿನ ಚಕ್ರದ ಮೇಲೆ ಬೀಳುತ್ತದೆ; ಕ್ಯಾರಿಯರ್ ಮೇಲೆ ಲ್ಯಾಪ್‌ಟಾಪ್ ಚೀಲವೋ ಸಂತೆಯ ಸಾಮಾನೋ ಇದ್ದರೆ ಇನ್ನೂ ಹೆಚ್ಚು. ಭಾರ ಎಲ್ಲಿ ಹೆಚ್ಚೋ ಅಲ್ಲಿ ರಬ್ಬರು ಬಾಗುವುದೂ ಹೆಚ್ಚು, ಸವೆಯುವುದೂ ಹೆಚ್ಚು. ಜೊತೆಗೆ ಪೆಡಲ್ ತುಳಿದ ಶಕ್ತಿ ನೆಲಕ್ಕೆ ಸೇರುವುದು ಹಿಂದಿನ ಟೈರಿನ ಮೂಲಕ. ಆದ್ದರಿಂದ ರಸ್ತೆಯ ಮೇಲೆ ಹಗುರವಾಗಿ ಉರುಳಬೇಕಾದದ್ದು ಹಿಂದಿನ ಟೈರು. ದಿಕ್ಕು ತಿರುಗಿಸುವ ಕೆಲಸವೆಲ್ಲ ಮುಂದಿನ ಚಕ್ರದ್ದು. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಸರಿಯುವುದರಿಂದ ನಿಲ್ಲಿಸುವ ಕೆಲಸದಲ್ಲಿಯೂ ಅದರದೇ ದೊಡ್ಡ ಪಾಲು. ಇಳಿಜಾರಿನಲ್ಲಿ ಹಿಂದಿನ ಚಕ್ರ ಜಾರಿದರೆ ಅಭ್ಯಾಸವಿರುವ ಸವಾರ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಮಣ್ಣಿನ ಹಿಡಿತ ಅತ್ಯಗತ್ಯವಾಗಿರುವುದು ಮುಂದಿನ ಟೈರಿಗೆ.

ಹೀಗಾಗಿ ಹಿಂದಕ್ಕೆ ನಡುವೆ ಒತ್ತಾದ ತಗ್ಗು ಉಬ್ಬುಗಳೂ ಪಕ್ಕದಲ್ಲಿ ಮಾತ್ರ ಬಿಡಿ ಉಬ್ಬುಗಳೂ ಇರುವ ಟೈರು. ಮುಂದಕ್ಕೆ ಉಬ್ಬುಗಳು ಇನ್ನಷ್ಟು ಎತ್ತರವಾಗಿ, ಅಂತರ ಬಿಟ್ಟು ನಿಂತಿರುವ, ಪಕ್ಕದ ಸಾಲು ಗಟ್ಟಿಯಾಗಿರುವ ಟೈರು. ಹೆಸರು ಹೇಳುವುದಾದರೆ, ಹಿಂದಿನ ಚಕ್ರಕ್ಕೆ ಶ್ವಾಲ್ಬೆ ಸ್ಮಾರ್ಟ್ ಸ್ಯಾಮ್, ಮ್ಯಾಕ್ಸಿಸ್ ಕ್ರಾಸ್‌ಮಾರ್ಕ್, ಕಾಂಟಿನೆಂಟಲ್ ರೇಸ್ ಕಿಂಗ್ ಈ ಬಗೆಗೆ ಸೇರಿದವು. ಮುಂದಿನ ಚಕ್ರಕ್ಕೆ ಶ್ವಾಲ್ಬೆ ನಾಬಿ ನಿಕ್, ಮ್ಯಾಕ್ಸಿಸ್ ಆರ್ಡೆಂಟ್ ಆಗುತ್ತವೆ. ಇವೇ ಬೇಕೆಂದಿಲ್ಲ. ಲುಧಿಯಾನದ ರಾಲ್ಸನ್, ತೈವಾನಿನ ಕೆಂಡಾ ಮುಂತಾದ ಕಂಪನಿಗಳ ಟೈರುಗಳಲ್ಲಿಯೂ ಉಬ್ಬುಗಳ ಜೋಡಣೆಯನ್ನು ನೋಡಿ ಇದೇ ರೀತಿ ಆರಿಸಬಹುದು. ಅಂಗಡಿಯಲ್ಲಿ ಟೈರನ್ನು ಕೈಯಲ್ಲಿ ಹಿಡಿದು, ನಡುವಿನ ಭಾಗದ ಮೇಲೆ ಉದ್ದಕ್ಕೆ ಹೆಬ್ಬೆರಳು ಎಳೆದು ನೋಡಿ: ಬೆರಳು ತಡೆಯಿಲ್ಲದೆ ಸಾಗಿದರೆ ಅದು ಹಿಂದಕ್ಕೆ ಸೂಕ್ತ, ಪ್ರತಿ ಉಬ್ಬಿನ ಬಳಿ ಇಳಿದು ಏರಿದರೆ ಮುಂದಕ್ಕೆ ಪರಿಗಣಿಸಬಹುದು.

ನಿಮ್ಮ ಬಳಕೆಯ ಪ್ರಮಾಣವನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕುವುದು ಇದಕ್ಕೆ ಮೊದಲು ಆಗಬೇಕಾದ ಕೆಲಸ. ದಿನಕ್ಕೆ 12 ಕಿ.ಮೀ.ನಂತೆ ವಾರದ ಐದು ದಿನ ಕೆಲಸಕ್ಕೆ ಹೋಗುವವರು 60 ಕಿ.ಮೀ. ಡಾಂಬರು ಓಡಿಸುತ್ತಾರೆ. ಭಾನುವಾರ 30 ಕಿ.ಮೀ. ಸುತ್ತಿದರೂ ಅದರಲ್ಲಿ ಅರ್ಧ ಮಣ್ಣಿನ ಹಾದಿಗೆ ತಲುಪುವ ರಸ್ತೆಯೇ ಆಗಿರುತ್ತದೆ. ಅಂಥವರಿಗೆ ಒಟ್ಟು 90ರಲ್ಲಿ ಮಣ್ಣು 15 ಮಾತ್ರ. ಹೀಗಿದ್ದೂ ಎರಡೂ ಚಕ್ರಕ್ಕೆ ಒರಟು ಟೈರ್ ಹಾಕಿಕೊಂಡರೆ ವಾರವಿಡೀ ಅನಗತ್ಯವಾಗಿ ದಣಿಯಬೇಕಾಗುತ್ತದೆ, ಉಬ್ಬುಗಳೂ ಡಾಂಬರಿನಲ್ಲಿಯೇ ಸವೆದು ಗುಡ್ಡದಲ್ಲಿ ಬೇಕಾದಾಗ ಇರುವುದಿಲ್ಲ. ತೀರ್ಥಹಳ್ಳಿ, ಕೊಪ್ಪದ ಒಳಹಳ್ಳಿಗಳಲ್ಲಿದ್ದು ದಿನವೂ ಮಣ್ಣುಹಾದಿಯಲ್ಲೇ ಮುಖ್ಯರಸ್ತೆಗೆ ಬರುವವರ ಲೆಕ್ಕ ತಿರುಗುಮುರುಗಾಗುತ್ತದೆ. ಅವರು ಹಿಂದಕ್ಕೂ ಸ್ವಲ್ಪ ಒರಟಾದದ್ದನ್ನೇ ಆರಿಸಬೇಕು.

ರಬ್ಬರು, ಬಟ್ಟೆ, ಮುಳ್ಳು

ಮೃದು ರಬ್ಬರು ಒದ್ದೆ ಬಂಡೆ, ಬೇರುಗಳ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಡಾಂಬರಿನಲ್ಲಿ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಹೆಚ್ಚು ಕಾಲ ಬಾಳುತ್ತದೆ, ಒದ್ದೆಯಲ್ಲಿ ಜಾರುತ್ತದೆ. ನಡುವೆ ಗಟ್ಟಿಯೂ ಪಕ್ಕಕ್ಕೆ ಮೃದುವೂ ಆದ ಎರಡು ಬಗೆಯ ರಬ್ಬರು ಬಳಸಿದ ಟೈರುಗಳು ಈ ಕಾರಣಕ್ಕಾಗಿಯೇ ಬಂದಿವೆ. ಮುಂದಿನ ಟೈರಿಗೆ ಮೃದುತ್ವವನ್ನೂ ಹಿಂದಿನದಕ್ಕೆ ಬಾಳಿಕೆಯನ್ನೂ ಆದ್ಯತೆಯಾಗಿ ಇಟ್ಟುಕೊಳ್ಳಿ.

ಟೈರಿನ ಒಳಗಿನ ಬಟ್ಟೆ ಎಷ್ಟು ನವಿರಾಗಿದೆ ಎಂಬುದನ್ನು ಟಿಪಿಐ ಎಂಬ ಅಂಕಿ ಸೂಚಿಸುತ್ತದೆ. ಅದು ಒಂದು ಇಂಚಿನಲ್ಲಿರುವ ಎಳೆಗಳ ಸಂಖ್ಯೆ. 120 ಟಿಪಿಐ ಟೈರ್ ಹಗುರವಾಗಿ ಮೃದುವಾಗಿ ಓಡುತ್ತದೆ, ಆದರೆ ಜಂಬಿಟ್ಟಿಗೆಯ ಚೂಪು ಅಂಚು ತಾಗಿದರೆ ಅದರ ಪಕ್ಕ ಸೀಳುವ ಸಂಭವ ಹೆಚ್ಚು. ನಮ್ಮ ಹಾದಿಗಳಿಗೆ 60 ಟಿಪಿಐ ಸಮಂಜಸ. ಅಂಚಿನಲ್ಲಿ ಉಕ್ಕಿನ ತಂತಿ ಇರುವ ಟೈರ್ ಅಗ್ಗ. ಮಡಚಬಲ್ಲ ಅಂಚಿನದು ಹಗುರ, ದುಬಾರಿ. ದಿನನಿತ್ಯದ ಓಡಾಟಕ್ಕೆ ತಂತಿಯದೇ ಸಾಕು.

ಮುಳ್ಳಿನ ವಿಷಯ ಊರಿನಿಂದ ಊರಿಗೆ ಬೇರೆ. ಶಿಕಾರಿಪುರ, ಹೊನ್ನಾಳಿಯ ಕಡೆ ಜಾಲಿ ಮುಳ್ಳು. ಮಲೆನಾಡಿನ ಒಳಗೆ ಬಿದಿರು ಮುಳ್ಳು, ಬೇಲಿ ಸವರಿ ಹಾದಿಗೆ ಚೆಲ್ಲಿದ ಕೊಂಬೆಗಳು. ಪಟ್ಟಣದಲ್ಲಿ ಗಾಜಿನ ಚೂರು, ಸವೆದ ಲಾರಿ ಟೈರುಗಳಿಂದ ಬಿದ್ದ ಸಣ್ಣ ತಂತಿ. ಪಂಚರ್ ತಡೆಯುವ ಪದರವಿರುವ ಟೈರ್ ಸ್ವಲ್ಪ ಭಾರವಾದರೂ ಹಿಂದಿನ ಚಕ್ರಕ್ಕೆ ಅದನ್ನೇ ತೆಗೆದುಕೊಳ್ಳುವುದು ಉತ್ತಮ. ಟ್ಯೂಬ್‌ಲೆಸ್ ಹಾಕಿಸಿಕೊಂಡರೆ ಒಳಗಿನ ಸೀಲಂಟ್ ದ್ರವ ಸಣ್ಣ ಮುಳ್ಳಿನ ತೂತುಗಳನ್ನು ತಾನೇ ಮುಚ್ಚುತ್ತದೆ; ಕಡಿಮೆ ಗಾಳಿಯಲ್ಲಿ ಓಡಿಸುವ ಸೌಲಭ್ಯವೂ ಸಿಗುತ್ತದೆ. ಆದರೆ ಅದಕ್ಕೆ ಹೊಂದುವ ರಿಮ್ಮೂ ಟೈರೂ ಬೇಕು, ದ್ರವ ಕೆಲವು ತಿಂಗಳಲ್ಲಿ ಒಣಗುವುದರಿಂದ ಮತ್ತೆ ಮತ್ತೆ ತುಂಬಬೇಕು, ಪಕ್ಕ ಸೀಳಿದರೆ ಕೊನೆಗೆ ಟ್ಯೂಬೇ ಬೇಕು. ದೂರದ ಹಳ್ಳಿಯ ಪಂಚರ್ ಅಂಗಡಿಯಲ್ಲಿಯೂ ಟ್ಯೂಬಿಗೆ ಪ್ಯಾಚ್ ಹಾಕಿಸಬಹುದು ಎಂಬ ಕಾರಣಕ್ಕೆ ಹೊಸಬರಿಗೆ ನಾನು ಟ್ಯೂಬನ್ನೇ ಸೂಚಿಸುತ್ತೇನೆ. ಕಾರು, ಬೈಕುಗಳಲ್ಲಿರುವಂಥ ದಪ್ಪ ವಾಲ್ವಿನ ಟ್ಯೂಬ್ ಸಿಗುವುದಾದರೆ, ಮತ್ತು ರಿಮ್ಮಿನ ತೂತು ಅದಕ್ಕೆ ಹೊಂದುವುದಾದರೆ, ಅದನ್ನೇ ಹಾಕಿಸಿ. ಎಲ್ಲಿಯಾದರೂ ಗಾಳಿ ಸಿಗುತ್ತದೆ.

ಗಾಳಿ

ಟೈರಿಗೆ ಸಾವಿರಾರು ರೂಪಾಯಿ ಕೊಟ್ಟು ಗಾಳಿಯ ಕಡೆ ಗಮನ ಕೊಡದಿದ್ದರೆ ಆ ಹಣ ವ್ಯರ್ಥ. ಒಂದೇ ಟೈರ್ ಎರಡು ಬಗೆಯ ಒತ್ತಡದಲ್ಲಿ ಎರಡು ಬೇರೆ ಟೈರುಗಳಂತೆ ನಡೆದುಕೊಳ್ಳುತ್ತದೆ. 70 ಕಿಲೋ ತೂಕದ ಸವಾರರು 2.1 ಇಂಚಿನ, ಟ್ಯೂಬ್ ಇರುವ ಟೈರಿಗೆ ರಸ್ತೆಯ ಮೇಲೆ ಮುಂದೆ 38ರಿಂದ 40 ಪಿಎಸ್ಐ (ಚದರ ಇಂಚಿಗೆ ಎಷ್ಟು ಪೌಂಡ್ ಎಂದು ಹೇಳುವ ಗಾಳಿಯ ಒತ್ತಡದ ಅಳತೆ), ಹಿಂದೆ 42ರಿಂದ 45 ಪಿಎಸ್ಐ ಇಟ್ಟು ಆರಂಭಿಸಬಹುದು. ಒಣ ಮಣ್ಣುಹಾದಿಗೆ ಮುಂದೆ 28, ಹಿಂದೆ 32ರಷ್ಟಕ್ಕೆ ಇಳಿಸಬೇಕು. ಕೆಸರಿಗೆ ಇನ್ನೂ ಒಂದೆರಡು ಕಡಿಮೆಯಾದರೂ ಸರಿ. ತೂಕ 10 ಕಿಲೋ ಹೆಚ್ಚಿದ್ದರೆ 2ರಿಂದ 3 ಪಿಎಸ್ಐ ಹೆಚ್ಚಿಸಿ, ಕಡಿಮೆಯಿದ್ದರೆ ಅಷ್ಟೇ ಇಳಿಸಿ. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಮಿತಿಯನ್ನು ಮಾತ್ರ ಎಂದಿಗೂ ಮೀರಬಾರದು.

ಒತ್ತಡ ತಗ್ಗಿದಾಗ ಟೈರ್ ನೆಲದ ಏರುಪೇರಿಗೆ ತಕ್ಕಂತೆ ತಗ್ಗಿ ಹೊಂದಿಕೊಳ್ಳುತ್ತದೆ, ಹೆಚ್ಚು ಉಬ್ಬುಗಳು ಮಣ್ಣನ್ನು ಮುಟ್ಟುತ್ತವೆ. ಒತ್ತಡ ಅತಿಯಾದರೆ ಪ್ರತಿ ಕಲ್ಲಿನ ಮೇಲೂ ಚಕ್ರ ಪುಟಿದು ಹಿಡಿತ ತಪ್ಪುತ್ತದೆ. ತೀರಾ ಕಡಿಮೆಯಾದರೆ ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡು, ಹಾವು ಕಚ್ಚಿದ ಗುರುತಿನಂತೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ಅಂಥ ಪಂಚರ್ ಆದರೆ ಮುಳ್ಳನ್ನು ಹುಡುಕುವ ಬದಲು ಮುಂದಿನ ಸಲ 3 ಪಿಎಸ್ಐ ಹೆಚ್ಚು ಹಾಕಿಕೊಳ್ಳಬೇಕು.

ಪಾಲಿಸಬೇಕಾದ ಕ್ರಮ ಸರಳವಾಗಿದೆ. ಮನೆಯಲ್ಲಿ ಮೀಟರ್ ಇರುವ ನಿಲುಪಂಪಿನಿಂದ ರಸ್ತೆಯ ಒತ್ತಡಕ್ಕೆ ಗಾಳಿ ಹಾಕಿಕೊಂಡು ಹೊರಡಿ. ಸಕ್ರೆಬೈಲು ದಾಟಿ ಮಣ್ಣುಹಾದಿಗೆ ಇಳಿಯುವ ಜಾಗದಲ್ಲಿ ನಿಂತು, ಸಣ್ಣ ಮೀಟರ್ ಹಿಡಿದು ಗಾಳಿ ಬಿಡಿ. ಮರಳಿ ಡಾಂಬರಿಗೆ ಬಂದಾಗ ಕೈಪಂಪಿನಿಂದ ತುಂಬಿಕೊಳ್ಳಿ. ಹೆಬ್ಬೆರಳಿನಿಂದ ಒತ್ತಿ ಅಂದಾಜಿಸುವ ಅಭ್ಯಾಸ ನಂಬಿಕೆಗೆ ಅರ್ಹವಲ್ಲ. 30ಕ್ಕೂ 40ಕ್ಕೂ ಇರುವ ವ್ಯತ್ಯಾಸ ಬೆರಳಿಗೆ ಸರಿಯಾಗಿ ತಿಳಿಯುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸುವವರು ಎಷ್ಟು ಬೇಕೆಂದು ಮೊದಲೇ ಹೇಳಬೇಕು, ಏಕೆಂದರೆ ಅಲ್ಲಿನ ಯಂತ್ರ ಸೈಕಲ್ಲಿನ ಸಣ್ಣ ಟೈರನ್ನು ಕ್ಷಣದಲ್ಲಿ ತುಂಬಿಬಿಡುತ್ತದೆ. ಹಾದಿ ಶೆಟ್ಟಿಹಳ್ಳಿ ಅಭಯಾರಣ್ಯದಂಥ ಸಂರಕ್ಷಿತ ಪ್ರದೇಶದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪ್ರವೇಶಿಸಬಾರದು.

ಜೋಡಿಸುವಾಗ ಮತ್ತು ಬದಲಿಸುವಾಗ

ಹೆಚ್ಚಿನ ಟೈರುಗಳ ಪಕ್ಕದಲ್ಲಿ ತಿರುಗುವ ದಿಕ್ಕನ್ನು ತೋರಿಸುವ ಬಾಣದ ಗುರುತು ಇರುತ್ತದೆ. ಚಕ್ರವನ್ನು ಸೈಕಲ್ಲಿಗೆ ಹಾಕುವ ಮೊದಲು ಅದನ್ನು ನೋಡಬೇಕು. ಹಳೆಯ ಟೈರ್ ತೆಗೆದಾಗ ಅದರ ಒಳಮೈಯನ್ನು ಬಟ್ಟೆಯಿಂದ ಸವರಿ ಮುಳ್ಳಿನ ತುದಿ ಉಳಿದಿದೆಯೇ ಎಂದು ಪರೀಕ್ಷಿಸಿ, ರಿಮ್ಮಿನ ಒಳಗಿನ ಪಟ್ಟಿ ಸರಿದಿದ್ದರೆ ಸರಿಪಡಿಸಿ. ಹೊಸ ಟೈರಿಗೆ ಅರ್ಧ ಗಾಳಿ ಹಾಕಿ ಚಕ್ರವನ್ನು ತಿರುಗಿಸಿ, ರಿಮ್ಮಿನ ಅಂಚಿನ ಬಳಿ ಕಾಣುವ ಗೆರೆ ಸುತ್ತಲೂ ಸಮವಾಗಿ ಬಂದಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಪೂರ್ತಿ ಗಾಳಿ ತುಂಬಬೇಕು.

ಹಿಂದಿನ ಟೈರ್ ಮುಂದಿನದಕ್ಕಿಂತ ಬೇಗ ಸವೆಯುತ್ತದೆ. ಅದರ ನಡುಭಾಗ ದುಂಡುತನ ಕಳೆದುಕೊಂಡು ಚಪ್ಪಟೆಯಾದಾಗ, ಅಥವಾ ಒಳಗಿನ ಬಟ್ಟೆಯ ಎಳೆ ಎಲ್ಲಿಯಾದರೂ ಇಣುಕಿದಾಗ ಬದಲಿಸಲೇಬೇಕು. ಎರಡನ್ನೂ ಒಟ್ಟಿಗೆ ಬದಲಿಸುವ ಅಗತ್ಯವಿಲ್ಲ. ಮಳೆಗಾಲದಲ್ಲಿಯೂ ಗುಡ್ಡ ಬಿಡದವರು ಮೃಗಶಿರಾ ಮಳೆಯ ಹೊತ್ತಿಗೆ ಮುಂದಿನ ಚಕ್ರಕ್ಕೆ ಮಾತ್ರ ಕೆಸರಿನ ಟೈರ್ ಹಾಕಿ, ದೀಪಾವಳಿಯ ನಂತರ ಮತ್ತೆ ಮೊದಲಿನದನ್ನು ಹಾಕಿಕೊಳ್ಳಬಹುದು. ಹಿಂದಿನದನ್ನು ಮುಟ್ಟದೆ ಒಂದೇ ಟೈರಿನ ಬದಲಾವಣೆಯಲ್ಲಿ ಸೈಕಲ್ ಋತುವಿಗೆ ಹೊಂದಿಕೊಳ್ಳುತ್ತದೆ. ಬಿಚ್ಚಿಟ್ಟ ಟೈರನ್ನು ಮಣ್ಣು ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಬಿಸಿಲು ಮತ್ತು ಎಣ್ಣೆ ತಾಗದ ಕಡೆ ಇಡಿ. ಒಲೆಯ ಹೊಗೆ, ಬಿಸಿ ತಾಗುವ ಅಟ್ಟದ ಮೇಲೆ ಇಟ್ಟರೆ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ.